ಹೋದ ಪೆಟ್ಟಿಗೆ, ಬಂದ ಪೆಟ್ಟಿಗೆ

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಔಷಧ ವ್ಯಾಪಾರಿಯೊಬ್ಬ ಬಂದರಿನ ಠಾಣೆಗೆ ದೂರು ತಂದ. ಇನ್ಸುಲಿನ್ ತುಂಬಿದ್ದ ಅವನ ಶೀತಲ ಕಂಟೇನರ್ ಅಂಗಳದಿಂದಲೇ ಮಾಯವಾಗಿತ್ತು.

"ನಲವತ್ತಡಿ ಪೆಟ್ಟಿಗೆ ಸಾರ್, ಸೂಜಿಯಲ್ಲ ಕಳೆದುಹೋಗೋಕೆ! ಕರೆಂಟ್ ತಪ್ಪಿದ್ರೆ ಔಷಧ ಕೆಟ್ಟೋಗತ್ತೆ. ಆಸ್ಪತ್ರೆಯವರು ಕಾಯ್ತಾ ಕೂತಿದಾರೆ."

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಗೇಟಿನ ಕ್ಯಾಮೆರಾ ನೋಡಿದರು. ಪೆಟ್ಟಿಗೆ ರಸ್ತೆ ಹತ್ತಿರಲಿಲ್ಲ. ನೀರಿಗಿಳಿದಿರಬೇಕು ಎಂದರೆ, ಅದು ಮಾಯವಾದಾಗಿನಿಂದ ಯಾವ ಹಡಗೂ ಹೊರಟಿರಲಿಲ್ಲ. ಓಡಾಡಿದ್ದು ಬಂದರಿನದೇ ಒಂದು ಬಾರ್ಜ್, ಚಪ್ಪಟೆ ಸರಕುದೋಣಿ, ಮಾತ್ರ.

ಮರುದಿನ ಅವರು ಪೇದೆಯೊಂದಿಗೆ ಹಡಗು ನಿಲ್ಲುವ ಧಕ್ಕೆಯ ಮೇಲೆ ಕೂತರು. ಕ್ರೇನ್ ಪೆಟ್ಟಿಗೆಗಳನ್ನು ಬಾರ್ಜಿಗೆ ತುಂಬಿತು. ಬಾರ್ಜ್ ತಡೆಗೋಡೆಯಾಚೆ ಹೋಗಿ, ಊಟದ ಹೊತ್ತು ಕಳೆದು, ಹಿಂದಿರುಗಿತು.

"ಸಾರ್, ಬೆಳಗ್ಗೆ ಹೋದ ಸೊಟ್ಟಮೂತಿ ಪೆಟ್ಟಿಗೇನೇ ಇಳೀತಾ ಇದೆ! ಹೋದ ಪುಟ್ಟ ಬಂದ ಪುಟ್ಟ."

ತೆರೆಸಿ ನೋಡಿದರೆ ಪೆಟ್ಟಿಗೆಗಳೆಲ್ಲ ಖಾಲಿ; ಬಾರ್ಜಿನ ತಳದ ಸಾಲಿನಲ್ಲಿ ಮಾತ್ರ ಔಷಧದ ಕಂಟೇನರ್ ಸಿಕ್ಕಿತು. ಪಂಚನಾಮೆಗೆಂದು ಬಾಗಿಲು ತೆರೆದರೆ ಒಳಗೆ ಬಿಸಿಗಾಳಿ. ಇನ್ಸ್‌ಪೆಕ್ಟರ್ ಒಂದು ಸೀಸೆ ಮುಟ್ಟಿ ನೋಡಿದರು; ಬೆಚ್ಚಗಿತ್ತು. ಅವರ ತಾಯಿಯೂ ದಿನಾ ಅದೇ ಇನ್ಸುಲಿನ್ ಚುಚ್ಚಿಕೊಳ್ಳುವವರು.

ಬಾರ್ಜಿಗೆ ಆದೇಶ ಕೊಡುತ್ತಿದ್ದವನು ಬಂದರಿನ ಸರಕು ಮ್ಯಾನೇಜರ್. ಇನ್ಸ್‌ಪೆಕ್ಟರ್ ಅವನನ್ನು ಕರೆಸಿ ಕೇಳಿದರು.

"ಖಾಲಿ ಪೆಟ್ಟಿಗೆಗಳನ್ನ ಯಾಕೆ ಸುತ್ತಾಡಿಸ್ತೀರಿ?"

"ಖಾಲಿಯಾದ್ರೂ ಸರಿ, ಕ್ರೇನ್ ಹತ್ತಿಸಿದ್ರೆ ಒಂದು ಲೆಕ್ಕ, ಇಳಿಸಿದ್ರೆ ಇನ್ನೊಂದು. ಪ್ರಪಂಚದ ಬಂದರುಗಳನ್ನ ಅಳೆಯೋದು ಅದರಲ್ಲೇ ಸಾರ್. ನಾವು ಮೊದಲ ನೂರರೊಳಗೆ ಬರೋಕೆ ಸ್ವಲ್ಪವೇ ಕಮ್ಮಿಯಿತ್ತು."

"ಔಷಧದ ಪೆಟ್ಟಿಗೆ?"

"ಖಾಲಿ ಸಾಲಿನ ಪಕ್ಕದಲ್ಲಿತ್ತು. ಅವಸರದಲ್ಲಿ ಅದೂ ಹೋಯ್ತು."

"ಗೊತ್ತಾದ್ಮೇಲೆ?"

"ಕೆಳಗಿಳಿಸಿದ್ರೆ ಎಲ್ಲ ಬಯಲಾಗತ್ತೆ ಅಂತ ಸುಮ್ಮನಿದ್ದೆ."

"ಇದರಿಂದ ನಿಮಗೇನು ಸಿಕ್ತು?"

ಆಸಾಮಿ ಮೇಜಿನ ಮೇಲಿದ್ದ ತನ್ನ ಮೊಬೈಲನ್ನು ಕವುಚಿ ಹಾಕಿದ. ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಲಾಯಿತು. ನಿಯಮದಂತೆ ಮನೆಯವರಿಗೆ ತಿಳಿಸಬೇಕಿತ್ತು.

"ಯಾರಿದಾರೆ?" ಎಂದ ಪೇದೆ.

"ಅಣ್ಣ ಒಬ್ಬನೇ. ಹೊರದೇಶದ ಭಾರಿ ಬಂದರಲ್ಲಿ ಕ್ರೇನುಗಳ ಮೇಲ್ವಿಚಾರಕ. ಫೋನ್ ಮಾಡಿದಾಗೆಲ್ಲ ಒಂದೇ ಮಾತು. 'ನಿಮ್ಮ ವರ್ಷದ ಸರಕು ನಮಗೆ ಹತ್ತು ದಿನದ ಕೆಲಸ ಕಣೋ. ಅದೇನು ಬಂದರಾ, ಬಚ್ಚಲಾ?'"

ಪೇದೆ ನಗು ನುಂಗಿಕೊಂಡು ನಂಬರ್ ಒತ್ತಿದ. ಮ್ಯಾನೇಜರ್ ಕೈಮುಗಿದ.

"ಕೊಲೆ ಮಾಡಿದೀನಿ ಅಂತ ಬೇಕಾದ್ರೂ ಹೇಳಿ ಸಾರ್. ಇದನ್ನ ಮಾತ್ರ ಬೇಡ."

ಇನ್ಸ್‌ಪೆಕ್ಟರ್ ಫೋನ್ ಇಸಿದುಕೊಂಡು, ಮೊದಲ ನೂರರ ಲೆಕ್ಕವನ್ನೂ ಸೇರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದರು.

"ನಾನು ತಮಾಷೆಗೆ ಅಂತಿದ್ದೆ ಸಾರ್," ಎಂದ ಅಣ್ಣ.