ಫ್ಯಾನಿನ ಸದ್ದಿನಲ್ಲಿ ತಪ್ಪಿದ ಮಾತು

ತೃಪ್ತಿ ಮಾತಾಡುವಾಗಲೆಲ್ಲ ಶಿಶಿರ್ ಅವಳ ತುಟಿಗಳನ್ನೇ ನೋಡುತ್ತಿದ್ದ. ನಿಶ್ಚಿತಾರ್ಥವಾದ ಮೇಲೆ ಅವಳು ನಾಚಿ, ಹೇಳಬೇಕಾದದ್ದನ್ನು ಮರೆತು, ಮತ್ತೆ ಮತ್ತೆ ಸೋತದ್ದು ಆ ನೋಟಕ್ಕೇ.

ಇಬ್ಬರೂ ಹೋಗಿದ್ದ ಬಿ.ಸಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಮಾತ್ರ ಅವನ ಕಣ್ಣು ಲ್ಯಾಪ್‌ಟಾಪ್‌ಗಳ ಮೇಲಿತ್ತು. ಬೆಳ್ತಂಗಡಿಯ ಮನೆಯಲ್ಲೇ ಕೂತು ಕಂಪ್ಯೂಟರ್ ಗೇಮ್‌ಗಳಿಗೆ ಕಾಡು, ಕೋಟೆ ಕಟ್ಟಿಕೊಡುವುದು ತೃಪ್ತಿಯ ಕೆಲಸ. ಅದಕ್ಕೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು. ಮದುವೆಯಾಗಿ ಮೂಡುಬಿದಿರೆಯ ಅವನ ಮನೆಗೆ ಹೋದ ಮೇಲೆ ಈ ಕೆಲಸದ ಗತಿ ಏನು ಎಂದು ಕೇಳಲು ಅವಳಿಗೆ ಇನ್ನೂ ಬಾಯಿ ಬಂದಿರಲಿಲ್ಲ.

“ತೆಳ್ಳಗಿನದ್ದು ಚೆಂದ ಉಂಟು ಅಕ್ಕ, ಆದರೆ ಬೇಗ ಬಿಸಿ ಆಗ್ತದೆ. ಬಿಸಿಯಾದರೆ ಸ್ಪೀಡ್ ಇಳೀತದೆ,” ಎಂದ ಅಂಗಡಿಯ ರಮೀಝ್. “ಈ ದಪ್ಪದ್ದು ಎಷ್ಟು ದುಡಿಸಿದರೂ ತಡೀತದೆ. ಫ್ಯಾನಿನ ಶಬ್ದ ಮಾತ್ರ ಜೋರು.”

ಅವನು ದಪ್ಪದ್ದರಲ್ಲಿ ದೊಡ್ಡದೊಂದು ಗೇಮ್ ಹಾಕಿದ. ಫ್ಯಾನು ಭರ್ರೆಂದಿತು. ತೃಪ್ತಿ ಕೀಬೋರ್ಡಿನ ಮೇಲೆ ಅಂಗೈ ಇಟ್ಟಳು, ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಪರದೆಯ ಮೇಲಿನ ಕಾಡು ಎಲ್ಲೂ ತಡವರಿಸದೆ ಸರಿಯುತ್ತಿತ್ತು. ನೋಡುತ್ತಿದ್ದಂತೆ ಅವಳಿಗೆ ಧೈರ್ಯ ಬಂತು.

ಕಣ್ಣೆತ್ತದೆ ಕೇಳಿಯೇಬಿಟ್ಟಳು: “ಮದುವೆಯಾದ ಮೇಲೂ ನಾನು ಈ ಕೆಲಸ ಮಾಡ್ತೇನೆ. ನಿಮಗೆ ಒಪ್ಪಿಗೆ ಉಂಟಲ್ಲ?”

“ಬೇಡ,” ಎಂದ ಶಿಶಿರ್, ತಣ್ಣಗೆ. “ಬೇರೆ ನೋಡುವ.”

ತೃಪ್ತಿಯ ಕೈ ಹಿಂದೆ ಸರಿಯಿತು. ಇಷ್ಟು ಸುಲಭವಾಗಿಯೇ? ಅವಳು ಮೆಟ್ಟಿಲಿಳಿದು ರಸ್ತೆಗೆ ಬಂದಳು. ಶಿಶಿರ್ ಗಾಬರಿಯಿಂದ ಹಿಂದೆಯೇ ಓಡಿ ಬಂದಾಗ ಅವಳು ಉಂಗುರ ಕಳಚಿ ಅವನ ಮುಂದೆ ಹಿಡಿದಿದ್ದಳು.

“ತಗೊಳ್ಳಿ. ಬೇರೆ ಹುಡುಗಿಯನ್ನೇ ನೋಡಿ.”

“ಹುಡುಗಿಯಾ? ನಾನು ಹೇಳಿದ್ದು ಬೇರೆ ಲ್ಯಾಪ್‌ಟಾಪ್!” ಅವನ ಮುಖ ಬಿಳುಚಿತು. “ನೀವು ಕೇಳಿದ್ದು ಎಂತ?”

ಅವಳು ಮತ್ತೆ ಹೇಳಿದಳು. ಅವನು ಜೇಬಿನಿಂದ ಪುಟ್ಟ ಶ್ರವಣಯಂತ್ರವೊಂದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ.

“ಎಡಗಿವಿ ಒಂಚೂರೂ ಕೇಳುವುದಿಲ್ಲ. ಬಲಗಿವಿಗೆ ಇದು ಬೇಕು. ಮೊದಲೊಂದು ಸಂಬಂಧ ಇದರಿಂದಲೇ ತಪ್ಪಿತ್ತು. ನೀವೂ ಹೋಗ್ತೀರಿ ಅಂತ ಹೆದರಿ ಮುಚ್ಚಿಟ್ಟೆ. ಆ ಫ್ಯಾನು ಮನೆಯಲ್ಲಿ ತಿರುಗಿದರೆ ನಿಮ್ಮ ಮಾತು ನನಗೆ ಸಿಗುವುದಿಲ್ಲ. ಅದಕ್ಕೇ ಬೇಡ ಅಂದದ್ದು.”

ತೃಪ್ತಿಗೆ ಸಿಟ್ಟಿನ ಜೊತೆ ಅವಮಾನವೂ ಆಯಿತು. “ಹಾಗಾದರೆ ನನ್ನ ತುಟಿ ನೋಡ್ತಾ ಇದ್ದದ್ದು ಮಾತು ತಿಳಿಯಲಿಕ್ಕಾ?”

“ಮೊದಮೊದಲು ಅದಕ್ಕೇ.” ಅವನು ತಲೆ ತಗ್ಗಿಸಿದ. “ಆಮೇಲೆ... ತಿಳಿದ ಮೇಲೂ ಕಣ್ಣು ತೆಗೆಯಲಿಕ್ಕೆ ಆಗ್ತಿರಲಿಲ್ಲ.”

ಮಂಗಳೂರು ಬಸ್ಸೊಂದು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಅವನು ಉಂಗುರಕ್ಕೆ ಕೈ ಚಾಚಲಿಲ್ಲ. ಅವಳೂ ಹಿಡಿದ ಕೈ ಇಳಿಸಲಿಲ್ಲ.

“ಕಿವಿ ಕೇಳದ್ದು ನನಗೆ ದೊಡ್ಡದಲ್ಲ. ಮುಚ್ಚಿಟ್ಟದ್ದು ದೊಡ್ಡದು. ಇವತ್ತೇ ಬಂದು ನನ್ನ ಅಪ್ಪನ ಹತ್ತಿರ ನೀವೇ ಹೇಳಬೇಕು.”

“ಹೇಳ್ತೇನೆ. ಕೆಲಸ ಬಿಡುವುದೂ ಬೇಡ.”

“ಲ್ಯಾಪ್‌ಟಾಪ್ ಆ ದಪ್ಪದ್ದೇ. ನನ್ನ ಕೆಲಸಕ್ಕೆ ಅದೇ ಬೇಕು. ಮಾತಾಡಲಿಕ್ಕೆ ಉಂಟಾದರೆ ನಾನು ಅದನ್ನು ಆಫ್ ಮಾಡಿ ಬರ್ತೇನೆ.”

ಅವನು ಯಂತ್ರವನ್ನು ಕಿವಿಗಿಟ್ಟುಕೊಂಡ. ಅವಳು ಉಂಗುರವನ್ನು ಅವನ ಅಂಗೈಗೆ ಹಾಕಿ, ತನ್ನ ಬೆರಳು ಮುಂದೆ ಮಾಡಿದಳು. ಅವನು ತೊಡಿಸುತ್ತಿದ್ದಾಗ ಬೇಕೆಂದೇ ಬಾಯಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿದಳು:

“ಮದುವೆಯ ದಿನ ವಾಲಗ ಜೋರಾಯ್ತು ಅಂತ ಇದನ್ನು ತೆಗೆದಿಟ್ಟರೆ ನೋಡಿ ಮಾರಾಯ್ರೆ!”

“ಇಲ್ಲ, ತೆಗೆಯುವುದಿಲ್ಲ,” ಎಂದ ಶಿಶಿರ್.