ಒಗರು ಇಳಿದ ಮೇಲೆ

ಮಾಂತು ಅವಳನ್ನು ಮೊದಲ ಸಲ ಮಾತಾಡಿಸಿದ್ದೇ ತಪ್ಪು ಹೊರಿಸಲಿಕ್ಕೆ.

ಭೋಸರಿಯ ಗೋದಾಮಿನಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಕೆಂಪು ವೈನಿನ ಬಾಟಲಿಯೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು, ತಳದಲ್ಲಿ ಕೂತಿದ್ದ ಕರಿ ಗಸಿಯನ್ನು ತೋರಿಸಿದ. "ನೋಡ್ರಿ ಮೇಡಂ, ನೀವು ಪಾಸ್ ಮಾಡಿದ ಮಾಲು. ಪೂರಾ ಕೆಟ್ಟದ."

ಧನುಶ್ರೀ ಆ ಇಂಪೋರ್ಟ್ ಕಂಪನಿಗೆ ರುಚಿ ನೋಡುವ ಕೆಲಸಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. ಚಾಮರಾಜನಗರದವಳು. ಈ ಮರಾಠಿ ಊರಿನಲ್ಲಿ ಗೋದಾಮಿನ ಮ್ಯಾನೇಜರ್ ಕನ್ನಡದಲ್ಲಿ ಬೈದನಲ್ಲ ಎಂದು ಒಳಗೊಳಗೇ ಖುಷಿಯಾದರೂ ಮುಖ ಬಿಗಿದುಕೊಂಡೇ ಹೇಳಿದಳು: "ಕೆಟ್ಟಿಲ್ಲ. ಫಸ್ಟ್ ನೀವು ಅದನ್ನ ಅಲ್ಲಾಡ್ಸೋದು ನಿಲ್ಸಿ."

ಆಮೇಲೆ ಎರಡು ಗ್ಲಾಸಿಟ್ಟು, ಒಂದರಲ್ಲಿ ಕ್ಯಾಬರ್ನೆ ಎಂಬ ಅದೇ ಜಾತಿಯ ಎಳೆಯ ವೈನನ್ನು, ಇನ್ನೊಂದರಲ್ಲಿ ಹಳೆಯದನ್ನು ಸುರಿದಳು. ಎಳೆಯದು ನೇರಳೆ ಹಣ್ಣಿನ ರಸದಂತೆ ಕಪ್ಪಗಿತ್ತು. ಒಂದು ಗುಟುಕಿಗೇ ಬಾಳೆಕಾಯಿ ಕಚ್ಚಿದವನ ಹಾಗೆ ಅವನ ಬಾಯಿ ಒಗರಾಗಿ ಒಣಗಿತು. ಹಳೆಯದರ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಗರು ವರ್ಷಗಟ್ಟಲೆ ಕತ್ತಲಲ್ಲಿ, ಥಂಡಿಯಲ್ಲಿ ಮಲಗಿ, ಒಂದಕ್ಕೊಂದು ಅಂಟಿಕೊಂಡು, ತೂಕ ಬಂದು ತಳಕ್ಕಿಳಿಯುತ್ತದೆ. ನೀವು ಕೆಟ್ಟಿದೆ ಅಂದದ್ದು ಅದನ್ನೇ ಎಂದು ಅವಳು ವಿವರಿಸಿದಳು. ಹಣ್ಣಿನ ವಾಸನೆ ಹೋಗಿ ಒಣ ಅಂಜೂರ, ಚರ್ಮ, ಹೊಗೆಸೊಪ್ಪಿನ ವಾಸನೆ ಬಂದಿತ್ತು.

ಮಾಂತು ಮೂಗನ್ನು ಗ್ಲಾಸಿನೊಳಗೇ ಇಳಿಸಿದ. "ನಿಪ್ಪಾಣ್ಯಾಗ ನಮ್ಮ ಮಾಮಾನ ತಂಬಾಕಿನ ವಖಾರಿ ಅದ. ಥೇಟ್ ಅದ ವಾಸನಿ ರೀ."

ಗ್ಲಾಸಿನ ಅಂಚಿನ ಮೇಲಿನಿಂದ ನೋಡಿದ. ಅವಳು ನೋಡುತ್ತಿದ್ದಾಳೆಂದು ಗೊತ್ತಾಗಿ ಮತ್ತೆ ಗ್ಲಾಸನ್ನೇ ನೋಡಿದ. ಅವನ ಕಿವಿ ಕೆಂಪಾದದ್ದು ವೈನಿಗೋ ತನಗೋ ಎಂಬ ಅನುಮಾನ ಧನುಶ್ರೀಗೆ ಅವತ್ತಿಡೀ ಉಳಿಯಿತು.

ವೈನ್ ಇಡುವ ಥಂಡಿ ಕೋಣೆಯಲ್ಲಿ ಪ್ರೀತಿಸುವುದಕ್ಕೆ ಹೆಚ್ಚು ಸೌಕರ್ಯವಿಲ್ಲ. ಅವಳು ಎರಡು ಸ್ವೆಟರ್ ಹಾಕಿಕೊಂಡು ಬಂದರೆ ಅವನು ಕಂಬಳಿ ಹುಳು ಎಂದು ಕರೆದ. ಅವಳ ಬೆರಳು ಮರಗಟ್ಟಿದಾಗ, ಸ್ಟಾಕ್ ನೋಡುವ ನೆಪದಲ್ಲಿ ಪಕ್ಕಕ್ಕೆ ಬಂದು, ಸ್ವೆಟರಿನ ತೋಳಿನ ಅಂಚನ್ನು ಎಳೆದು ಅಂಗೈ ಮುಚ್ಚಿ ಹೋದ. ರೀ ಹೋಗಿ ನೀ ಬಂತು. ಅವನ ಡಬ್ಬಿಯ ಶೇಂಗಾ ಚಟ್ನಿ ಅವಳ ಮೊಸರನ್ನಕ್ಕೆ ಬಂತು.

ಕಷ್ಟವಿದ್ದದ್ದು ಆ ಡಬ್ಬಿ ಕಟ್ಟುವ ಮನೆಯಲ್ಲಿ. ಮಾಂತು ಔಷಧಿಯ ಕೋಲ್ಡ್ ಸ್ಟೋರೇಜಿನಲ್ಲಿದ್ದಾನೆಂದು ಅವನ ಮನೆಯವರು ನಂಬಿದ್ದರು. ಅಪ್ಪ ಹೊಳಬಸಪ್ಪ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಲಿಂಗಪೂಜೆಯಾಗದೆ ನೀರು ಮುಟ್ಟದವರು. ಧನುಶ್ರೀಯ ವಿಷಯ ಹೇಳಿದರೆ ಎಲ್ಲಿ ಸಿಕ್ಕಳೆಂದು ಕೇಳುತ್ತಾರೆ, ಆಗ ಹೆಂಡದ ಗೋದಾಮು ಹೊರಬೀಳುತ್ತದೆ. ಅದರ ಮೇಲೆ ಅವಳ ಮನೆಯಲ್ಲಿ ಭಾನುವಾರ ಬಾಡೂಟ.

"ಅಪ್ಪಾನೂ ಕ್ಯಾಬರ್ನೆ ಇದ್ದಂಗ," ಎನ್ನುತ್ತಿದ್ದ ಮಾಂತು. "ಇನ್ನಷ್ಟು ದಿನ ಇಟ್ರ ಒಗರು ಇಳೀತದ."

ಮೊದಮೊದಲು ಅವಳು ನಕ್ಕಳು. ತನ್ನ ಮಾತನ್ನೇ ಇಷ್ಟು ಚೆಂದ ಮಾಡಿ ಹೇಳುವವನು ಸಿಕ್ಕನಲ್ಲ ಎಂದು ಹೆಮ್ಮೆಯೂ ಪಟ್ಟಳು. ಬೇಸಿಗೆ ಹೋಗಿ, ಗಣಪತಿ ಕೂತು ಎದ್ದು, ಮತ್ತೆ ಬೇಸಿಗೆ ಬಂದಾಗಲೂ ಅವನು ಅದನ್ನೇ ಹೇಳಿದ. ನಗು ಬರಲಿಲ್ಲ.

ಅಷ್ಟರಲ್ಲಿ ನಾಸಿಕದ ದ್ರಾಕ್ಷಿ ತೋಟದ ವೈನರಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಧನುಶ್ರೀ ಅವನನ್ನು ರ‍್ಯಾಕುಗಳ ನಡುವೆ ನಿಲ್ಲಿಸಿಕೊಂಡಳು. ಅದೇ ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್ ಅಂತ ಇನ್ನೊಂದು ವೈನ್ ಇದೆ, ಬಹುಪಾಲು ಬೇಗ ಕುಡಿಯಲಿಕ್ಕೆಂದೇ ಮಾಡಿದ್ದು, ಕಾದರೆ ಹಣ್ಣಿನ ವಾಸನೆ ಹೋಗುತ್ತದೆ, ಅದರ ಜಾಗಕ್ಕೆ ಏನೂ ಬರುವುದಿಲ್ಲ ಎಂದು ವಿವರಿಸಿದಳು.

"ಎಲ್ಲಾನೂ ಇಟ್ರೆ ಚೆನ್ನಾಗಾಗಲ್ಲ ಮಾಂತು. ಕೆಲವು ಬರೀ ಹಳೇದಾಗತ್ತೆ. ನಾವು ಯಾವುದು ಹೇಳು."

ಅವನು ಕೈಯಲ್ಲಿದ್ದ ಸ್ಟಾಕ್ ಪಟ್ಟಿಯನ್ನು ಮಡಚಿ ಜೇಬಿಗಿಟ್ಟ. ಭಾನುವಾರ ಮನೆಗೆ ಊಟಕ್ಕೆ ಬಾ, ಎಲ್ಲರ ಮುಂದೆ ನಾನೇ ಹೇಳುತ್ತೇನೆ ಎಂದ. ಹೇಳುವಾಗ ಅವಳ ಕಣ್ಣನ್ನೇ ನೋಡಿದ. ಹೇಳಿದರೆ ನಾಸಿಕಕ್ಕೆ ಹೋಗುವುದಿಲ್ಲ ಎಂದು ಅವಳು ಮಾತು ಕೊಟ್ಟಳು.

ಕೊಂಢವಾ ಬಡಾವಣೆಯ ಆ ಫ್ಲಾಟಿನ ಬಾಗಿಲನ್ನು ಮಾಂತುವಿನ ತಾಯಿ ಕಾಶವ್ವ ತೆರೆದರು. "ಬಾ ಯವ್ವಾ" ಎಂದು ಕೈ ಹಿಡಿದೇ ಒಳಗೆ ಕರೆದುಕೊಂಡರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಬೆಣ್ಣೆ ಬಂದವು. ಮನೆ ಚಿಕ್ಕದು. ಯಾರ ಮೊಣಕೈಯೂ ಯಾರಿಗೂ ತಾಗದೆ ಉಣ್ಣುವುದು ಸಾಧ್ಯವಿರಲಿಲ್ಲ. ಮಾಂತು ಬಾಯಿ ತೆರೆದ, ಚಟ್ನಿ ಕೇಳಿದ. ಮತ್ತೆ ತೆರೆದ, ನೀರು ಕುಡಿದ.

ಹೊಳಬಸಪ್ಪನವರೇ ಮಾತು ಶುರು ಮಾಡಿದರು. "ದಾರೂ ಗೋದಾಮಿನ್ಯಾಗ ಭಾಳ ಥಂಡಿ ಅಂತಲ್ಲ ತಂಗಿ. ನಿನಗ ತಡೀತದೇನು?"

ಮಾಂತುವಿನ ತುತ್ತು ಕೈಯಲ್ಲೇ ನಿಂತಿತು.

"ಯಾಕ ಹಂಗ ನೋಡ್ತಿ?" ಎಂದರು ಮಗನಿಗೆ. "ಬಾಜೂ ಮನಿ ಮಲಕಪ್ಪನ ಟೆಂಪೋ ನಿಮ್ಮಲ್ಲೇ ಮಾಲು ಇಳಸ್ತದ. ಅಂವ ಎಂದೋ ಹೇಳ್ಯಾನ. ಆಗ ಸಿಟ್ಟು ಬಂದಿತ್ತು, ಹೋತು. ನೀನ ಹೇಳ್ಲಿ ಅಂತ ಕುಂತಿದ್ದೆ." ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಧನುಶ್ರೀಯನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿದರು. "ಮತ್ತೇನರ ಹೇಳೂದದ ಏನು?"

ಕಾಶವ್ವ ಒಲೆ ಸಣ್ಣ ಮಾಡಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಮಾಂತು ರೊಟ್ಟಿ ಮುರಿದ. ಅದನ್ನು ಮತ್ತೆ ಮುರಿದ.

"ಇಲ್ಲಪ್ಪಾ. ಇಕಿ ನಮ್ಮ ಆಫೀಸಿನಾಕಿ. ನಾಸಿಕಕ್ಕ ಹೊಂಟಾಳ, ಅದಕ್ಕ ಊಟಕ್ಕ ಕರದಿದ್ದೆ."

ಧನುಶ್ರೀ ಊಟ ಮುಗಿಸಿದಳು. ಎದ್ದು ಹೋಗಲಿಲ್ಲ, ಅಳಲೂ ಇಲ್ಲ. ಎಣ್ಣೆಗಾಯಿ ಚೆನ್ನಾಗಿದೆ ಎಂದಳು, ಅದು ನಿಜವೂ ಆಗಿತ್ತು. ಹೊರಡುವಾಗ ಕಾಶವ್ವ ಕುಂಕುಮ ಹಚ್ಚಿ, ಉಡಿಗೆ ರವಿಕೆಯ ಕಣ ಹಾಕಿದರು. ಅವರ ಕೈ ಅವಳ ಗಲ್ಲದ ಬಳಿ ಸ್ವಲ್ಪ ಹೊತ್ತು ನಿಂತು, ಏನೋ ಕೇಳುವಂತಿದ್ದು, ಕೇಳದೆ ಹಿಂದೆ ಸರಿಯಿತು.

ಮಾಂತು ಕೆಳಗಿನವರೆಗೆ ಬಂದ. ಗೇಟಿನ ಹತ್ತಿರ ಅವನು ನಿಂತ.

"ಅಪ್ಪಾ ಬೈದಿದ್ರ ಹೇಳ್ತಿದ್ದೆ ಧನು," ಎಂದ. "ಬೈತಾನ ಅಂತನ ತಯಾರಾಗಿದ್ದೆ. ಖರೇನ."

ಅವಳು ಅದನ್ನು ನಂಬಿದಳು. ಅವನು ಅಪ್ಪನ ಸಿಟ್ಟಿಗೆ ಉತ್ತರಗಳನ್ನು ಕೂಡಿಡುತ್ತ ಬಂದಿದ್ದ. ಸಿಟ್ಟೇ ಇಲ್ಲದ ಅಪ್ಪನ ಮುಂದೆ ಅವನ ಬಳಿ ಒಂದು ಮಾತೂ ಉಳಿದಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎನ್ನಲು ಅವನು ಬಾಯಿ ತೆರೆಯುತ್ತಿದ್ದಾನೆಂದು ಗೊತ್ತಾಗಿ ಅವಳು ಅವನ ತುಟಿಯ ಮೇಲೆ ಬೆರಳಿಟ್ಟಳು. ಬೀದಿಯಲ್ಲಿ, ಹಗಲಲ್ಲಿ, ಅವನನ್ನು ಮುಟ್ಟಿದ್ದು ಅದೇ ಮೊದಲು.

"ನಿನ್ ಮೇಲೆ ಕೋಪ ಇಲ್ಲ," ಎಂದಳು. "ಇದ್ದಿದ್ರೆ, ಅದು ಇಳೀಲಿ ಅಂತ ಇನ್ನೂ ಸ್ವಲ್ಪ ದಿನ ಕಾಯ್ತಿದ್ದೆ."

ಆಟೋ ಬಂತು. ಅವಳು ಹತ್ತುವಷ್ಟರಲ್ಲಿ ಮೇಲೆ ಗ್ಯಾಲರಿಯಿಂದ ಕಾಶವ್ವ ಬಾಗಿ ಕೂಗಿದರು: "ನಾಸಿಕ ಮುಟ್ಟಿದ ಮ್ಯಾಲ ಒಂದು ಫೋನ್ ಮಾಡ್ ಯವ್ವಾ."

ಆಯ್ತಮ್ಮ ಎಂದು ಧನುಶ್ರೀ ಕೈಯೆತ್ತಿದಳು. ಅವರ ನಂಬರ್ ಅವಳ ಬಳಿ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮಾಂತು ಕೊಡಲಿಲ್ಲ, ಅವಳು ಕೇಳಲೂ ಇಲ್ಲ.