ಹದಿನಾಲ್ಕು ಜಾಡಿಗಳ ನಿದ್ದೆ

ಹನ್ನೆರಡು ವರ್ಷ ತನ್ನ ಸೊಂಟದಲ್ಲಿ ತೂಗಾಡಿದ ಕೀಲಿಕೈ ಈಗ ಬಿತ್ತೋರನ ಜೇಬಿನಲ್ಲಿ, ಅವನು ಮೂಗೊರೆಸಿದ ಕರವಸ್ತ್ರದ ಜೊತೆ ಬಿದ್ದಿದೆ ಎಂದು ನೆನೆದಾಗಲೆಲ್ಲ ಅಂಚೋನ್ ಎದ್ದು ಹೋಗಿ ಕೈ ತೊಳೆದುಕೊಳ್ಳುತ್ತಿದ್ದ. ಒಂದಾರೋವಾ ಊರಿನ ಗಾಂಜಾ ಬೆಳೆಗಾರರ ಸಂಘದ ಜಾಡಿ ಕೋಣೆಯ ಕೀಲಿ ಅದು. ಸದಸ್ಯರು ಬೆಳೆದು, ಒಣಗಿಸಿ, ಹದ ಮಾಡಿದ ಹೂವೆಲ್ಲ ಆ ಕೋಣೆಯ ಕಪ್ಪು ಗಾಜಿನ ಜಾಡಿಗಳಲ್ಲಿ ಇರುತ್ತಿತ್ತು. ಸಮುದ್ರ ಹೊಸ್ತಿಲಿಗೇ ಬಂದು ಕೂತ ಊರು. ಮುಚ್ಚದೆ ಇಟ್ಟ ಉಪ್ಪು ಸಂಜೆಯೊಳಗೆ ಪಸೆಯಾಗುತ್ತದೆ. ಅಂಥ ಕಡೆ ಹೂವಿಗೆ ಬೂಷ್ಟು ಹಿಡಿಯದಂತೆ, ಹಾಗೆಂದು ಮುಟ್ಟಿದರೆ ಪುಡಿಯಾಗುವಷ್ಟು ಒಣಗದಂತೆ ಕಾಯುವುದು ಹುಡುಗಾಟವೇ? ಅಂಚೋನ್ ಕಾದಿದ್ದ. ಹನ್ನೆರಡು ವರ್ಷದಲ್ಲಿ ಒಂದು ಜಾಡಿಯೂ ಕೆಟ್ಟಿರಲಿಲ್ಲ.

ಆದರೂ ಸಭೆಯಲ್ಲಿ ಕೈ ಎತ್ತಿ ಅವನನ್ನು ಇಳಿಸಿದರು. ಅಧ್ಯಕ್ಷೆ ಮಾಯಾಲೆನ್ ಮುಖಕ್ಕೆ ಹೊಡೆದಂತೆ ಹೇಳಿದ್ದಳು: "ನಿನ್ ಕೆಲಸದಲ್ಲಿ ತಪ್ಪಿಲ್ಲ, ಅಂಚೋನ್. ಆದ್ರೆ ನಿನ್ ಹತ್ರ ಬಂದ್ರೆ ಪೊಲೀಸ್ ಠಾಣೆಗೆ ಬಂದಂಗಾಗುತ್ತೆ ಅಂತಾರಪ್ಪ ಜನ. ಕೈ ತೊಳ್ಕೊಂಡ್ ಬಾ, ಉಗುರು ತೋರ್ಸು, ಈ ಕಡೆ ಉಸಿರು ಬಿಡಬೇಡ... ಕ್ರಿಸ್ಪಿನಾ ಅಜ್ಜಿ ಕೈಯನ್ನೂ ಮೂಸಿ ನೋಡಿದ್ಯಂತಲ್ಲ!"

ಮೂಸಿದ್ದ, ಹೌದು. ಅಜ್ಜಿ ಬೆಳ್ಳುಳ್ಳಿ ಸುಲಿದು ಬಂದಿದ್ದಳು.

ಅವನ ಜಾಗಕ್ಕೆ ಯಾರನ್ನು ಕೂರಿಸಿದರು? ಬಿತ್ತೋರನನ್ನು! ನಲವತ್ತು ವರ್ಷ ದೋಣಿಯ ಮೇಲೆ ಮೀನು ಹಿಡಿದವನು. ಎಣ್ಣೆಯಲ್ಲಿ ನೆನೆದ ಚಿಕ್ಕ ಮೀನುಗಳನ್ನು ಬಾಲ ಹಿಡಿದೆತ್ತಿ ಬಾಯಿಗೆ ಬಿಟ್ಟುಕೊಳ್ಳುತ್ತಾನೆ, ಬೆರಳು ನೆಕ್ಕುತ್ತಾನೆ, ಉಳಿದ ಜಿಡ್ಡನ್ನು ಸ್ವೆಟರಿಗೆ ಒರೆಸುತ್ತಾನೆ. ಆಮೇಲೆ ಅದೇ ಕೈಯಲ್ಲಿ ಎಲ್ಲರ ಬೆನ್ನು ತಟ್ಟುತ್ತಾನೆ. ಜನ ನಗುತ್ತಾರೆ. ಥೂ! ಅಂಚೋನನಿಗೆ ಬಿತ್ತೋರನ ಮೇಲೆ ಎಷ್ಟು ಹೇಸಿಗೆಯೋ, ಆ ನಗುವವರ ಮೇಲೂ ಅಷ್ಟೇ. ಲೋಕವೆಲ್ಲ ನಾರುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಅದಕ್ಕೇ ಮೂವತ್ತು ವರ್ಷದಿಂದ ಅವನ ದವಡೆಯಲ್ಲಿ ಸದಾ ಒಂದು ನೀಲಗಿರಿ ಮಿಠಾಯಿ ಇರುತ್ತಿತ್ತು. ಅವನು ಬೀದಿಗಿಳಿದರೆ ಮಕ್ಕಳು "ಔಷಧಂಗಡಿ ಬಂತು, ಔಷಧಂಗಡಿ!" ಎಂದು ಕೂಗುತ್ತಿದ್ದರು. ಮಿಠಾಯಿ ಮುಗಿದ ದೊಡ್ಡ ತಗಡಿನ ಡಬ್ಬಿಗಳನ್ನು ಅವನು ಎಸೆದವನಲ್ಲ. ಮೊಳೆ, ಗುಂಡಿ, ಸೂಜಿ, ದಾರ ಎಲ್ಲಕ್ಕೂ ಮನೆಯಲ್ಲಿ ಒಂದೊಂದು ದುಂಡು ಡಬ್ಬಿ.

ಕೀಲಿ ಒಪ್ಪಿಸುವ ದಿನ ಬಿತ್ತೋರ್ ಶಾಲೆಯ ಹುಡುಗನಂತೆ ಎದುರು ನಿಂತು, "ಹೇಳ್ಕೊಡು ಗುರುವೇ, ನಂಗೆ ಮೀನು ಬಿಟ್ರೆ ಏನೂ ಗೊತ್ತಿಲ್ಲ," ಎಂದಿದ್ದ. ಅಂಚೋನ್ ತೇವದ ಪೊಟ್ಟಣವೊಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ್ದ. ಅಂಗೈಯಗಲದ ಕಾಗದದ ಪೊಟ್ಟಣ, ಒಳಗೆ ಉಪ್ಪುನೀರಿನ ಪಾಕ.

"ಇದು ಅರವತ್ತೆರಡರ ಪೊಟ್ಟಣ, ಜಾಡಿಯೊಳಗಿನ ತೇವಾನ ನೂರಕ್ಕೆ ಅರವತ್ತೆರಡರಲ್ಲಿ ನಿಲ್ಸುತ್ತೆ. ಜಾಡಿ ಒಣಗಿದ್ರೆ ತೇವ ಬಿಡುತ್ತೆ, ಹೆಚ್ಚಾದ್ರೆ ಹೀರ್ಕೊಳ್ಳುತ್ತೆ. ಒಂದು ಜಾಡೀದು ಇನ್ನೊಂದಕ್ಕೆ ಹಾಕ್ಬೇಡ. ಈ ಕಾಗದ ಇದೆಯಲ್ಲ, ಎಲ್ಲಿಟ್ರೆ ಅಲ್ಲಿನ ವಾಸನೆ ಕುಡಿಯುತ್ತೆ. ಏನಾದ್ರೂ ಕೆಟ್ರೆ ಮೊದ್ಲು ಪೊಟ್ಟಣ ಮೂಸು. ಹೂವು ಸುಳ್ಳು ಹೇಳ್ಬಹುದು, ಪೊಟ್ಟಣ ಹೇಳಲ್ಲ."

"ಪೊಟ್ಟಣ ಹೇಳಲ್ಲ," ಎಂದು ಬಿತ್ತೋರ್ ಬಾಯಿಪಾಠ ಮಾಡಿಕೊಂಡಿದ್ದ.

ಕೀಲಿ ಕೊಡುವ ಮೊದಲೇ ಅಂಚೋನ್ ಅದರ ನಕಲು ಮಾಡಿಸಿಟ್ಟಿದ್ದ. ಯಾಕೆಂದು ಆಗ ಅವನಿಗೇ ಗೊತ್ತಿರಲಿಲ್ಲ. ಜನವರಿಯ ಹೊತ್ತಿಗೆ ಗೊತ್ತಾಯಿತು.

ಸಂಘದಲ್ಲೊಂದು ಪದ್ಧತಿ. ಫೆಬ್ರವರಿಯ ಸಾಂತಾ ಅಗೆದಾ ಹಬ್ಬದಂದು ಹೊಸ ಹೂವಿನ ರುಚಿ ನೋಡುವ ಕೂಟ. ಅದಕ್ಕೆ ಮುಂಚಿನ ಇಪ್ಪತ್ತು ದಿನ ಜಾಡಿಗಳಿಗೆ 'ನಿದ್ದೆ', ಯಾರೂ ಮುಚ್ಚಳ ತೆಗೆಯುವಂತಿಲ್ಲ. ಇಪ್ಪತ್ತು ದಿನ! ಬೂಷ್ಟಿಗೆ ಅಷ್ಟು ಸಾಕು, ಬೇಕಾದರೆ ಮಿಗುತ್ತದೆ. ಬಿಲ್ಬಾವೊ ನಗರದ ಚುಟ್ಟದ ಅಂಗಡಿಯಲ್ಲಿ ಎಂಬತ್ತನಾಲ್ಕರ ಪೊಟ್ಟಣ ಸಿಗುತ್ತದೆ, ಹೊಸ ಚುಟ್ಟದ ಪೆಟ್ಟಿಗೆಯ ಮರಕ್ಕೆ ತೇವ ಕುಡಿಸಿ ಪಳಗಿಸಲಿಕ್ಕೆ. ಅದನ್ನು ಹೂವಿನ ಜೊತೆ ಮುಚ್ಚಿಟ್ಟರೆ ಮುಗಿಯಿತು. ಕೂಟದ ಹಿಂದಿನ ದಿನ ಅವನ್ನು ತೆಗೆದು, ಮೊದಲಿನ ಪೊಟ್ಟಣಗಳನ್ನೇ ವಾಪಸ್ ಇಟ್ಟುಬಿಡುವುದು. ಪೊಟ್ಟಣ ಸರಿಯಿದೆ, ಹೂವು ಕೊಳೆತಿದೆ ಅಂದರೆ ಅರ್ಥ ಒಂದೇ: ಕಾವಲುಗಾರ ಹಸಿ ಹೂವನ್ನೇ ಮುಚ್ಚಿದ್ದಾನೆ. ಯಾರೂ ಬಾಗಿಲು ಮುರಿದಿಲ್ಲ, ಏನೂ ಕಳುವಾಗಿಲ್ಲ. ಅಪರಾಧವೆಂದು ಹೆಸರಿಡಲಿಕ್ಕೂ ಆಗದ ಅಪರಾಧ.

ಹೊತ್ತಿನ ಚಿಂತೆಯೂ ಇರಲಿಲ್ಲ. ಸೇಬಿನ ಮದ್ಯದ ಪೀಪಾಯಿಗಳು ಹೊಸದಾಗಿ ತೆರೆದ ಕಾಲ. ಬಿತ್ತೋರ್ ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಹೋದರೆ ನಾಲ್ಕೂವರೆಗೆ ಹಾಡುತ್ತ ಬರುತ್ತಿದ್ದ. ನಿದ್ದೆ ಶುರುವಾದ ಮರುದಿನವೇ ಅಂಚೋನ್ ಕೈಗವಸು ಹಾಕಿ ಒಳಹೊಕ್ಕು, ಹದಿನಾಲ್ಕು ಜಾಡಿಗಳ ಪೊಟ್ಟಣ ಬದಲಿಸಿದ. ತಾನು ಕಲಿಸಿದ ಪಾಠ ತಾನು ಮರೆತಾನೇ? ತೆಗೆದ ಪ್ರತಿ ಪೊಟ್ಟಣವನ್ನೂ ಬೇರೆಬೇರೆ ಕಾಗದದಲ್ಲಿ ಸುತ್ತಿ ಜಾಡಿಯ ಸಂಖ್ಯೆ ಬರೆದ, ಒಂದರ ವಾಸನೆ ಒಂದಕ್ಕೆ ತಾಗಬಾರದಲ್ಲ. ಮನೆಗೆ ಬಂದು, ಕಡಲ ತೇವ ತಾಕದಿರಲೆಂದು ಗಟ್ಟಿ ಮುಚ್ಚಳದ ದುಂಡು ಡಬ್ಬಿಯೊಂದರಲ್ಲಿ ಅಷ್ಟನ್ನೂ ಜೋಡಿಸಿ, ಅಟ್ಟದ ಮೇಲಿಟ್ಟ. ಇಂಥ ಶಿಸ್ತಿನವನನ್ನು ಬಿಟ್ಟು ಮೀನಿನವನನ್ನು ಆರಿಸಿದರಲ್ಲ, ಅನುಭವಿಸಲಿ ಎಂದುಕೊಂಡ.

ಹಬ್ಬದ ಹಿಂದಿನ ದಿನ ಮೊದಲಿನ ಪೊಟ್ಟಣಗಳನ್ನು ವಾಪಸ್ ಇಡಲು ಮತ್ತೆ ಹೋದ. ಮೊದಲ ಮುಚ್ಚಳ ತಿರುಗಿಸಿದ್ದೇ ತಡ, ನೆಲ ಒರೆಸುವ ಬಟ್ಟೆ ವಾರಗಟ್ಟಲೆ ಮೂಲೆಯಲ್ಲಿ ಕೊಳೆತಂಥ ನಾತ ಮುಖಕ್ಕೆ ರಾಚಿತು. ಹೂವಿನ ಮೇಲೆ ಬೂದು ಬಣ್ಣದ ತುಪ್ಪಳ. ಮುಟ್ಟಿದರೆ ಕೈಗವಸಿಗೆ ನೂಲುನೂಲಾಗಿ ಅಂಟಿಕೊಂಡು ಬಂತು. ಮಿಠಾಯಿಯನ್ನು ಇನ್ನೊಂದು ದವಡೆಗೆ ಹೊರಳಿಸಿ ಉಸಿರು ಬಿಗಿಹಿಡಿದ. ಒಂಬತ್ತನೆಯದು ಕ್ರಿಸ್ಪಿನಾ ಅಜ್ಜಿಯ ಜಾಡಿ. ನಡುಗುವ ಕೈಯ ಮುದುಕಿ. ಎರಡು ದಮ್ಮು ಎಳೆದರೆ ಮಾತ್ರ ಸೂಪಿನ ಚಮಚ ಚೆಲ್ಲದೆ ಬಾಯಿಗೆ ಹೋಗುತ್ತದೆ. ಅವಳ ಇಡೀ ವರ್ಷದ ಪಾಲು ಕೊಳೆತು ಕೂತಿತ್ತು. ಒಂದು ಗಳಿಗೆ ಅವನ ಕೈ ತಡೆಯಿತು. ಆಮೇಲೆ, ಅಜ್ಜಿಗೆ ತನ್ನ ಮನೆಯಲ್ಲಿರುವ ಹೂವು ಕೊಟ್ಟರಾಯಿತು, ಎಲ್ಲರೆದುರಿಗೇ ಕೊಡಬೇಕು, ಆಗ ಗೊತ್ತಾಗುತ್ತದೆ ಯಾರು ಎಂಥವರೆಂದು, ಅಂದುಕೊಂಡ. ಆ ಯೋಚನೆ ಅವನಿಗೆ ಹಿತವಾಗಿತ್ತು. ಬೂಷ್ಟಿಗಿಂತ ಹೇಸಿಗೆಯದು ಇದು, ಆದರೆ ಅದು ಅವನ ಮೂಗಿಗೆ ಹತ್ತುವಂಥದ್ದಲ್ಲ.

ಮರುದಿನ ಸಂಘದ ಕೂಟ. ಅಂಚೋನನೇ ಹಿಂದೆ ಮಾಡಿದ ಕಟ್ಟಳೆಯಂತೆ ಬೆಳಗ್ಗಿನಿಂದ ಯಾರೂ ಕಾಫಿ ಕುಡಿದಿರಲಿಲ್ಲ, ಬೆಳ್ಳುಳ್ಳಿ ಮುಟ್ಟಿರಲಿಲ್ಲ, ಅತ್ತರು ಹಚ್ಚಿರಲಿಲ್ಲ. ಕಟ್ಟಳೆ ಮಾಡಿದವನೇ ಮೀರಬಾರದೆಂದು ಅವನೂ ಮಿಠಾಯಿ ಬಿಟ್ಟು, ಮಿಂದು, ಒಗೆದ ಬಟ್ಟೆ ತೊಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

ಬಿತ್ತೋರ್ ಮೊದಲ ಜಾಡಿ ತೆರೆದ. ಎರಡನೆಯದು. ಮೂರನೆಯದು. ಐದನೆಯದಕ್ಕೆ ಜನ ಮೂಗು ಮುಚ್ಚಿಕೊಂಡರು.

"ಅಯ್ಯೋ, ನಂದೂ ಹೋಯ್ತೇನೋ?" ಎಂದಳು ಕ್ರಿಸ್ಪಿನಾ ಅಜ್ಜಿ.

ಅಂಚೋನ್ ಎದ್ದ. ದನಿಯಲ್ಲಿ ಬೇಕಾದಷ್ಟೇ ಮರುಕ. "ಹಸೀದನ್ನೇ ಮುಚ್ಚಿಬಿಟ್ಟಿದೀಯಲ್ಲೋ ಮಾರಾಯಾ. ಬೈಬೇಡಿ ಅವನ್ನ. ಪಾಪ, ಮೀನಿನವ್ನು. ಅಜ್ಜಿ, ನಿಮ್ಗೆ ನಾನು ಕೊಡ್ತೀನಿ."

ಬಿತ್ತೋರ್ ಕಣ್ಣೊರೆಸಿಕೊಂಡು ಕೀಲಿಯನ್ನು ಮೇಜಿನ ಮೇಲಿಟ್ಟ. ಮಾಯಾಲೆನ್ ಅದನ್ನು ಅಂಚೋನನ ಕಡೆಗೆ ಅರ್ಧ ದೂಡಿದ್ದಳು. ಅಷ್ಟರಲ್ಲಿ ಬಿತ್ತೋರ್, "ತಡಿ, ಗುರುಗಳು ಹೇಳ್ಕೊಟ್ಟಂಗೆ ಒಂದ್ಸಲ ಮಾಡ್ಬಿಡ್ತೀನಿ," ಎಂದು ಜಾಡಿಯೊಳಗೆ ಕೈ ಹಾಕಿ ಪೊಟ್ಟಣ ತೆಗೆದು ಮೂಸಿದ. ಹುಬ್ಬು ಗಂಟಿಕ್ಕಿತು. ಇನ್ನೊಂದು ತೆಗೆದ, ಮತ್ತೊಂದು. ಒಂಬತ್ತನೆಯ ಜಾಡಿಯದನ್ನು ಅಜ್ಜಿಯ ನಡುಗುವ ಕೈಯಲ್ಲಿಟ್ಟ.

ಅಂಚೋನ್ ನೆಮ್ಮದಿಯಾಗಿದ್ದ, ಸಂಖ್ಯೆ ಒಂದೂ ತಪ್ಪಿರಲಿಲ್ಲ. ಅಜ್ಜಿ ಪೊಟ್ಟಣವನ್ನು ಮೂಗಿಗೆ ಹಿಡಿದು ತುಂಬ ಹೊತ್ತು ಎಳೆದಳು. ಆಮೇಲೆ, "ಬೂಷ್ಟಿನ ಜೊತೇಲಿ ಇದ್ಯಾಕೆ ಔಷಧಂಗಡಿ ವಾಸ್ನೆ ಹೊಡೀತದೆ?" ಎಂದಳು. ಪೊಟ್ಟಣ ಕೈಯಿಂದ ಕೈಗೆ ದಾಟಿತು. ಒಬ್ಬೊಬ್ಬರೂ ಮೂಸಿ, ತಲೆಯೆತ್ತಿ, ಅವನ ಕಡೆಗೇ ನೋಡಿದರು. ಮಾಯಾಲೆನ್ ಮೇಜಿನ ಮೇಲಿನ ಕೀಲಿಯನ್ನು ಹಿಂದಕ್ಕೆಳೆದುಕೊಂಡು, ಪೊಟ್ಟಣವನ್ನು ಅವನ ಮೂಗಿನ ಹತ್ತಿರ ಹಿಡಿದಳು: "ಮೂಸು, ಅಂಚೋನ್. ಇಪ್ಪತ್ತು ದಿನ ಇದು ಯಾವ ಡಬ್ಬೀಲಿತ್ತು?" ಅವನು ಉಸಿರೆಳೆದ. ಇನ್ನೊಮ್ಮೆ ಎಳೆದ. ಮೂವತ್ತು ವರ್ಷದಿಂದ ನೀಲಗಿರಿಯಲ್ಲೇ ಮುಳುಗಿದ್ದ ಆ ಮೂಗಿಗೆ ಬೂಷ್ಟು ಮತ್ತು ಕಾಗದದ ವಾಸನೆ ಮಾತ್ರ ಬಂತು.